ನಾಕಾ ಶೆಡ್ಡಿನ ಅಕ್ಕೋರು ಚುನಾವಣೆಗೆ ನಿಂತದ್ದು

ಆ ಮತಪತ್ರಗಳನ್ನು ನಾನು ಕಣ್ಣಾರೆ ಕಂಡೆನೋ ಇಲ್ಲವೋ ಈಗ ಖಾತ್ರಿಯಿಲ್ಲ. ಕಂಡೆ ಎಂದೇ ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಏಣಿಯ ಚಿತ್ರದ ಪಕ್ಕದಲ್ಲಿ ಮುದ್ರೆ, ಮುದ್ರೆಯ ಕೆಳಗೆ ನೀಲಿ ಬಣ್ಣದಲ್ಲಿ ಹೆಂಗಸೊಬ್ಬಳ ಹೆಸರು, ಅಕ್ಷರಗಳು ಒಂದಕ್ಕೊಂದು ತಾಗದಂತೆ ದೂರ ದೂರ. ಈ ಚಿತ್ರ ಎಷ್ಟು ಚೊಕ್ಕವಾಗಿದೆಯೆಂದರೆ ಆ ಚೊಕ್ಕತನವೇ ನನಗೆ ಅನುಮಾನ ತರಿಸುತ್ತದೆ. ನನ್ನ ಉಳಿದ ನೆನಪುಗಳು ಹೀಗಿಲ್ಲ. ಅವು ಅರ್ಧ ಅಳಿಸಿದ ಹಲಗೆಯ ಹಾಗಿವೆ.

ಅಂದು ಮತ ಎಣಿಕೆಗೆ ನನ್ನ ಜೊತೆ ಬಂದಿದ್ದ ಗೆಳೆಯನನ್ನು ಒಮ್ಮೆ ಕೇಳಿದೆ. ಅವನು ನಕ್ಕುಬಿಟ್ಟ.

"ನೀ ಎಲ್ಲಿ ಒಳಗಿದ್ದೆಲೇ? ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗಿದ್ದೋನು ನಾನು. ನಾ ಹೇಳಿದ್ದನ್ನ ನೀ ನೋಡಿದೆ ಅಂದ್ಕೊಂಡೀಯ, ಅಷ್ಟೇ."

ಇರಬಹುದು. ಆದರೆ ಅವನ ಮಾತನ್ನೂ ಪೂರ್ತಿ ನಂಬುವಂತಿಲ್ಲ. ತಾನು ಆ ಸಲ ಅಕ್ಕೋರಿಗೇ ವೋಟು ಹಾಕಿದ್ದು ಎಂದು ಅವನು ಈಗಲೂ ಹೇಳುತ್ತಾನೆ. ಅಕ್ಕೋರು ನಿಂತದ್ದು ದಾವಣಗೆರೆಯಲ್ಲಿ, ಅವನ ವೋಟು ಇದ್ದದ್ದು ಹರಿಹರದಲ್ಲಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ ಹರಿಹರಕ್ಕೆ ವಾಪಸು ಬಂದಿದ್ದೆ. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ತತ್ವಶಾಸ್ತ್ರ ಓದಿದವನಿಗೆ ಕಾರ್ಖಾನೆಯಲ್ಲೂ ಕೆಲಸವಿರಲಿಲ್ಲ, ಕಾಲೇಜಿನಲ್ಲೂ ಇರಲಿಲ್ಲ. ದಾವಣಗೆರೆಯ ಒಂದು ಟ್ಯುಟೋರಿಯಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಒಂದು ತರಗತಿ, ಸಂಜೆ ಒಂದು. ನಡುವಿನ ಹೊತ್ತು ಖಾಲಿ. ಹರಿಹರಕ್ಕೆ ಹೋಗಿ ಬರಲು ಬಸ್ ಚಾರ್ಜು ದಂಡ, ಊರಲ್ಲೇ ಕೂರಲು ಜಾಗವಿಲ್ಲ. ಹೋಟೆಲಿನಲ್ಲಿ ಒಂದು ಚಹಾಕ್ಕೆ ಎಷ್ಟು ಹೊತ್ತು ಕೂರಬಹುದೋ ಅಷ್ಟೂ ಹೊತ್ತು ಕೂತು, ಯಾವುದನ್ನೂ ಯಾಕೆ ನಂಬಬಾರದು ಎಂದು ಗೆಳೆಯನಿಗೆ ವಿವರಿಸುತ್ತಿದ್ದೆ. ಅವನು ಅದೇ ಟ್ಯುಟೋರಿಯಲ್ಲಿನಲ್ಲಿ ಲೆಕ್ಕ ಕಲಿಸುತ್ತಿದ್ದವನು. ನನ್ನ ಮಾತು ಕೇಳಿ ಸಾಕಾಗಿ ಒಂದು ಮಧ್ಯಾಹ್ನ ನನ್ನನ್ನು ಅಕ್ಕೋರ ಮನೆಗೆ ಕರೆದುಕೊಂಡು ಹೋದ.

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಆಕೆ ಆಗ ಮಾಸ್ತರಿಕೆ ಬಿಟ್ಟು ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು, ಆದರೂ ಅಕ್ಕೋರೇ. ಹರಿಹರದ ಹೊಳೆ ದಂಡೆಯ ಓಣಿಯಲ್ಲಿ ಹುಟ್ಟಿದವರು, ಟೀಚರ್ ಟ್ರೈನಿಂಗ್ ಮಾಡಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕಿದ್ದವರು. ದಾವಣಗೆರೆಯ ಹತ್ತಿಗಿರಣಿಯ ಗುಮಾಸ್ತರನ್ನು ಮದುವೆಯಾಗಿ ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಮನೆಗೆ ಬಂದ ಮೇಲೆ ಕೆಲಸ ಬಿಟ್ಟಿದ್ದರು. ನಾನು ಕಂಡಾಗ ನಲವತ್ತು ದಾಟಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತೇ ಮಾತಾಡುವವರು.

"ತಮ್ಮಾ, ನಿನಗೆ ಇಂಗ್ಲಿಷ್‌ನಾಗೆ ಬೈಯಾಕೆ ಬರ್ತೈತೇನು?"

"ಬೈಯಾಕಾ?"

"ಹೂಂ. ಬೈದಂಗಿರಬೇಕು, ಆದ್ರೆ ಓದಿದೋನಿಗೆ ಮರ್ಯಾದಿ ಕೊಟ್ಟಂಗೆ ಅನ್ನಿಸಬೇಕು. ಅರ್ಜಿ ಅಂದ್ರೆ ಅದೇ ಅಲ್ಲೇನು?"

ಒಳಗಿನಿಂದ ಅವರ ಯಜಮಾನರ ದನಿ ಬಂತು. "ನನ್ನ ದಿನಾ ಕನ್ನಡದಾಗೆ ಹಂಗೇ ಬೈತಾಳ್ರಿ. ಮರ್ಯಾದಿ ಒಂದು ಕಡಿಮಿ."

ಹೀಗೆ ನಾನು ಅಕ್ಕೋರ ಅರ್ಜಿ ಬರೆಯುವವನಾದೆ. ಸಮಾಜಸೇವೆಯಲ್ಲಿ ನನಗೆ ನಂಬಿಕೆ ಇರಲಿಲ್ಲ. ಮಧ್ಯಾಹ್ನ ಕೂರಲು ನೆರಳು ಸಿಕ್ಕಿತ್ತು, ಚಹಾ ಸಿಗುತ್ತಿತ್ತು.

ಅರ್ಜಿಗಳೆಲ್ಲ ಒಂದೇ ವಿಷಯದ ಮೇಲೆ. ಊರಿನ ಹಳೆಯ ಭಾಗದಲ್ಲಿ ಮಂಡಕ್ಕಿ ಭಟ್ಟಿಗಳ ಓಣಿಯೊಂದಿತ್ತು. ಸಾಲಾಗಿ ಭಟ್ಟಿಗಳು, ಹೊಟ್ಟು ಉರಿಸಿ ಮರಳು ಕಾಯಿಸಿ ಅಕ್ಕಿ ಹುರಿಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ಬೆಳಗಿನ ಜಾವ ಹೊತ್ತಿಸಿದ ಬೆಂಕಿ ಊಟದ ಹೊತ್ತಿಗೆ ಆರುತ್ತಿತ್ತು. ಬಹುಪಾಲು ಮುಸ್ಲಿಂ ಮನೆಗಳು, ಕೂಲಿಗೆ ಬರುವ ಹಿಂದೂ ಮನೆಗಳೂ ಇದ್ದವು. ಗಂಡಸರು ಹುರಿಯುತ್ತಿದ್ದರು, ಮಿಕ್ಕಿದ್ದೆಲ್ಲ ಹೆಂಗಸರದ್ದು, ಹೆಣ್ಣುಮಕ್ಕಳದ್ದು. ಓಣಿಯಲ್ಲಿ ನಾಲ್ಕನೇ ತರಗತಿವರೆಗೆ ಒಂದು ಸಣ್ಣ ಸರಕಾರಿ ಶಾಲೆಯಿತ್ತು. ಐದಕ್ಕೆ ಹೋಗಬೇಕಾದರೆ ಪಿ.ಬಿ. ರಸ್ತೆ ದಾಟಿ ಆಚೆ ಹೋಗಬೇಕು. ಹುಡುಗರು ದಾಟುತ್ತಿದ್ದರು. ಹುಡುಗಿಯರನ್ನು ಲಾರಿಗಳ ನಡುವೆ ಯಾರೂ ಕಳಿಸುತ್ತಿರಲಿಲ್ಲ. ನಾಲ್ಕು ಮುಗಿದ ಹುಡುಗಿ ಮರುದಿನದಿಂದ ಜರಡಿಗೆ.

ಓಣಿಯ ತುದಿಗೆ ನಗರಸಭೆಯ ಒಂದು ಶೆಡ್ಡು. ಊರೊಳಗೆ ಬರುವ ಸಾಮಾನಿಗೆ ಸುಂಕ ವಸೂಲಿ ಮಾಡುತ್ತಿದ್ದ ನಾಕಾ ಅದು. ಆ ಸುಂಕವನ್ನೇ ಸರಕಾರ ಆ ಹೊತ್ತಿಗೆ ರದ್ದು ಮಾಡಿತ್ತು, ಶೆಡ್ಡು ಖಾಲಿ ಬಿದ್ದಿತ್ತು. ಅಕ್ಕೋರು ಯಾರನ್ನು ಕೇಳಿದರೋ, ಕೇಳಿದರೋ ಇಲ್ಲವೋ, ಅದರ ಗೋಡೆಗೆ ಕಪ್ಪು ಬಳಿಸಿ ಮಧ್ಯಾಹ್ನ ಎರಡಕ್ಕೆ ತರಗತಿ ಶುರುಮಾಡಿದ್ದರು. ಭಟ್ಟಿ ಆರುವ ಹೊತ್ತು ನೋಡಿ ಇಟ್ಟ ವೇಳೆ. ಹುಡುಗಿಯರಿಗೆಂದು ಮಾಡಿದ್ದಕ್ಕೆ ಅವರ ತಾಯಂದಿರೂ ಬಂದು ಹಿಂದೆ ಕೂತರು. ತಲೆಗೂದಲಲ್ಲಿ ಹೊಟ್ಟಿನ ಬೂದಿ, ಮೈಯಲ್ಲಿ ಕಾದ ಮರಳಿನ ವಾಸನೆ. ಎಷ್ಟೋ ಜನ ಕೂತಲ್ಲೇ ತೂಕಡಿಸುತ್ತಿದ್ದರು.

ದೊಡ್ಡವರಿಗೆ ಅಕ್ಕೋರು ಅ ಆ ಹೇಳಲಿಲ್ಲ, ಮೊದಲು ಅವರವರ ಹೆಸರು ಬರೆಸಿದರು. ಸೊಸೈಟಿ, ರೇಷನ್ ಅಂಗಡಿ, ಭಟ್ಟಿ ಮಾಲೀಕರ ಮುನ್ಷಿ, ಎಲ್ಲರೂ ಈ ಹೆಂಗಸರನ್ನು ಕಂಡಕೂಡಲೇ ಶಾಯಿ ಪ್ಯಾಡು ಮುಂದೆ ತಳ್ಳುತ್ತಿದ್ದರು. ಕೆಲವರು ಕೈಹಿಡಿದು ತಾವೇ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಹೆಸರು ಬರೆಯಲು ಕಲಿತ ಪ್ರತಿಯೊಬ್ಬಳಿಗೂ ಅಕ್ಕೋರು ಒಂದು ಬಾಲ್‌ಪೆನ್ನು ಕೊಡುತ್ತಿದ್ದರು. "ಪೆನ್ನು ಇಲ್ಲ ಅಂತ ಅವರು ಅಂದ್ರೆ ನಿಮ್ಮದು ತೆಗೀರಿ, ಹೆಸರಿಲ್ಲದೆ ಯಾವ ಕಾಗದನೂ ಕೊಡಬ್ಯಾಡ್ರಿ" ಎನ್ನುತ್ತಿದ್ದರು. ಪೆನ್ನು ಕುಪ್ಪಸದೊಳಗೆ ಇರುತ್ತಿತ್ತು, ಎಲೆಅಡಿಕೆ ಚೀಲದ ಜೊತೆ.

ಅವರಲ್ಲಿ ಒಬ್ಬಾಕೆಯ ಮಾತು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಜರಡಿ ಹಿಡಿಯುವವಳು, ಮೂವತ್ತೈದರ ಆಜುಬಾಜು, ಬಾಯಿ ಜೋರು. ಆಕೆಯ ದೊಡ್ಡ ಮಗಳು ಆ ವರ್ಷವಷ್ಟೇ ನಾಲ್ಕು ಮುಗಿಸಿದ್ದಳು. ನಾನು ಶೆಡ್ಡಿನ ಕಿಟಕಿ ಹತ್ತಿರ ಅರ್ಜಿ ಬರೆಯುತ್ತ ಕೂತಾಗ ಆಕೆ ಕೇಳಿದಳು:

"ಮೇಷ್ಟ್ರೆ, ನೀವು ಎಷ್ಟನೇತ್ತಿ ಓದೀರಿ?"

"ಎಂ.ಎ."

"ಅಂದ್ರೆ ಎಷ್ಟನೇತ್ತಿ ಆಯ್ತು?"

ಲೆಕ್ಕ ಹಾಕಿ ಹೇಳಿದೆ.

"ಯಾ ಅಲ್ಲಾ! ಅಷ್ಟು ಓದಿ ಮಧ್ಯಾಹ್ನ ಇಲ್ಲಿ ಬಂದು ಕೂಡ್ತೀರಾ? ನನ್ನ ಮಗಳಿಗೆ ಐದು ಸಾಕು ಬಿಡ್ರಿ ಹಂಗಾದ್ರೆ. ಅದನ್ನಾದ್ರೂ ಕೊಡಿಸ್ರಿ."

ಆ ಐದನೇ ತರಗತಿಗಾಗಿಯೇ ಅರ್ಜಿಗಳು. ಶಿಕ್ಷಣ ಇಲಾಖೆಯ ಕಚೇರಿಗೆ ಅಕ್ಕೋರ ಜೊತೆ ನಾನೂ ಹೋದದ್ದುಂಟು. ಅಧಿಕಾರಿ ಸಭ್ಯರು, ಕೂಡಿಸಿ ನೀರು ಕೊಟ್ಟರು. "ನಾವೇನು ಬ್ಯಾಡ ಅಂತೀವೇನ್ರಿ? ಕಟ್ಟಡ ತೋರಿಸ್ರಿ, ಐದನೇ ಕ್ಲಾಸಿಗೆ ಟೀಚರ್ ಹಾಕ್ತೀವಿ. ಬಯಲಾಗೆ ಹಾಕಾಕೆ ಬರಂಗಿಲ್ಲ." ಶೆಡ್ಡು ಇದೆಯಲ್ಲ ಎಂದರೆ, ಅದು ನಗರಸಭೆಯದು, ಅವರು ಠರಾವು ಮಾಡಿ ಬರೆದುಕೊಡಬೇಕು ಎಂದರು. ನಗರಸಭೆಯಲ್ಲಿ ಕೇಳಿದರೆ, ಹಳೆಯ ನಾಕಾ ಶೆಡ್ಡುಗಳನ್ನೆಲ್ಲ ಹರಾಜಿನಲ್ಲಿ ಬಾಡಿಗೆಗೆ ಕೊಡುವ ಆಲೋಚನೆಯಿದೆ, ಹೊಸ ಸದಸ್ಯರು ಆರಿಸಿಬಂದ ಮೇಲೆ ತೀರ್ಮಾನ ಎಂದರು. ಅಲ್ಲಿದ್ದ ವಯಸ್ಸಾದ ಗುಮಾಸ್ತನೊಬ್ಬ ಎಲೆ ಅಗಿಯುತ್ತ ತಮಾಷೆಗೆ ಅಂದ:

"ಠರಾವು ಬೇಕಂದ್ರೆ ನೀವೇ ಮೆಂಬರ್ ಆಗ್ರಿ ಅಕ್ಕೋರೆ. ಅದು ಅರ್ಜಿಗಿಂತ ಹಗೂರ."

ಅಕ್ಕೋರು ನಗಲಿಲ್ಲ. ಹೊರಗೆ ಬಂದು ಬಿಸಿಲಲ್ಲಿ ನಿಂತು, "ಎಲೆಕ್ಷನ್ ಯಾವಾಗ ಐತೆ ತಮ್ಮಾ?" ಎಂದರು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಇಸವಿ ಹೇಳಬಲ್ಲೆ ಎಂದುಕೊಂಡಿದ್ದೆ, ಬರೆಯಲು ಕೂತಾಗ ಎರಡು ಇಸವಿಗಳು ಬಂದವು, ಎರಡನ್ನೂ ಬಿಟ್ಟೆ.

ಅಕ್ಕೋರು ಪಕ್ಷೇತರರಾಗಿ ನಿಂತರು. ಏಣಿಯ ಗುರುತು ಸಿಕ್ಕಿತು. ಯಜಮಾನರು ಅಂದರು: "ಗೆದ್ರೆ ನನ್ನ ಊಟದ ಗತಿ ಏನು? ಸೋತ್ರೆ ಇವಳ ಸಿಟ್ಟಿನ ಗತಿ ಏನು? ಹೆಂಗ್ ನೋಡಿದ್ರೂ ಸೋಲೋನು ನಾನೇ." ಅಂದವರೇ ಗಿರಣಿಗೆ ರಜೆ ಹಾಕಿ ಮನೆಮನೆ ತಿರುಗಿದರು.

ಕರಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಅಭ್ಯರ್ಥಿಯ ಪೂರ್ವಾಪರ ಬೇಕು ಎಂದು ಗೆಳೆಯ ಒಂದು ಕರಡು ಮಾಡಿ ತಂದ. 'ಹರಿಹರದ ಹೊಳೆ ಉಕ್ಕಿ ಬಂದಾಗ ನೂರಾರು ಪ್ರಾಣಗಳನ್ನು ಉಳಿಸಿದ ಮಹಾತಾಯಿ' ಎಂದು ಅದು ಶುರುವಾಗುತ್ತಿತ್ತು. ನಾನು ಪ್ರತಿ ವಾಕ್ಯಕ್ಕೂ ಇದು ನಿಜವೇ ಎಂದು ಅಕ್ಕೋರನ್ನು ಕೇಳುತ್ತ ಹೋದೆ.

"ಪ್ರಾಣ ಎಲ್ಲಿ ಉಳಿಸಿದೆ ತಮ್ಮಾ? ಹೊಳೆ ನೀರು ಓಣಿಗೆ ಬಂದಿತ್ತು, ಶಾಲಿಯಾಗೆ ಮಲಗಿದ್ದವರಿಗೆ ರೊಟ್ಟಿ ಬಡಿದು ಕೊಟ್ವಿ. ಅರ್ಧ ಸೀದುಹೋಗಿದ್ವು."

"ರೊಟ್ಟಿ ಸೀದಿದ್ವು ಅಂತ ಹಾಕಿದ್ರೆ ವೋಟು ಬರ್ತಾವೇನ್ರಿ ಅಕ್ಕೋರೆ?" ಗೆಳೆಯ ತಲೆ ಚಚ್ಚಿಕೊಂಡ.

"ಸಿಡುಬಿನ ಲಸಿಕೆ ಹಾಕಿಸಿದ್ದು?" ಎಂದೆ.

"ಹಾಕಿದೋರು ನರ್ಸು. ನಾನು ಓಡಿಹೋಗೋ ಹುಡುಗರನ್ನ ಹಿಡೀತಿದ್ದೆ."

"ಹೊಲಿಗೆ ತರಬೇತಿ ಕೇಂದ್ರ?"

"ಒಂದು ಮಷೀನು. ಅದೂ ನಮ್ಮಕ್ಕಂದು."

ಕೊನೆಗೆ ಉಳಿದದ್ದು ಇಷ್ಟೇ: ಇವರು ಟೀಚರಾಗಿದ್ದರು, ನಾಕಾ ಶೆಡ್ಡಿನಲ್ಲಿ ಮಧ್ಯಾಹ್ನ ತರಗತಿ ನಡೆಸುತ್ತಾರೆ, ಆ ಶೆಡ್ಡನ್ನು ಹೆಣ್ಣುಮಕ್ಕಳ ಐದನೇ ತರಗತಿಗೆ ಕೊಡಿಸಲು ನಿಂತಿದ್ದಾರೆ. ಪ್ರೆಸ್ಸಿನವನು ಓದಿ ನೋಡಿ, "ಮಿಕ್ಕಿದ್ದು ನಾಳೆ ತರ್ತೀರೇನ್ರಿ?" ಎಂದು ಕೇಳಿದ. ನನಗೆ ಆ ಕರಪತ್ರದ ಬಗ್ಗೆ ಇವತ್ತಿಗೂ ಸಮಾಧಾನವಿದೆ. ನಾನು ಬರೆದದ್ದರಲ್ಲಿ ಸುಳ್ಳಿಲ್ಲದ್ದು ಅದೊಂದೇ ಇರಬೇಕು.

ಎದುರಾಳಿ ಹೊಟ್ಟಿನ ವ್ಯಾಪಾರಿ. ಅಕ್ಕಿ ಗಿರಣಿಗಳಿಂದ ಹೊಟ್ಟು ಕೊಂಡು ಭಟ್ಟಿಗಳಿಗೆ ಮಾರುವವನು. ಕೆಟ್ಟ ಮನುಷ್ಯನಲ್ಲ. ಮದುವೆಗೆ ಬರುತ್ತಿದ್ದ, ಮಣ್ಣಿಗೆ ಬರುತ್ತಿದ್ದ, ಎರಡೂ ಕಡೆ ಒಂದೇ ಮುಖ ಇಟ್ಟುಕೊಂಡು ನಿಲ್ಲುತ್ತಿದ್ದ. ಶೆಡ್ಡನ್ನು ತನ್ನ ಹೊಟ್ಟು ತುಂಬಲು ಹಿಡಿಯಬೇಕು ಎಂಬ ಆಸೆ ಅವನಿಗಿತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಅಕ್ಕೋರು ಎದುರಾದಾಗ ಕೈಮುಗಿದು, "ನೀವು ಸರಸ್ವತಿ ನೋಡ್ಕೊಳ್ರಿ ಅಕ್ಕೋರೆ, ನಾನು ಲಕ್ಷ್ಮಿ ನೋಡ್ಕೋತೀನಿ" ಎನ್ನುತ್ತಿದ್ದ. "ಇಬ್ಬರೂ ಒಂದೇ ಶೆಡ್ಡಿನಾಗೆ ಇರಾಕಾಗಲ್ಲವಲ್ಲಪ್ಪ" ಎನ್ನುತ್ತಿದ್ದರು ಅಕ್ಕೋರು.

ಮತದಾನ ಹತ್ತಿರ ಬಂದಾಗ ಅವನು ಭಟ್ಟಿ ಓಣಿಯ ಮನೆಮನೆಗೆ ಸೀರೆ ಹಂಚಿದ. ಎಲ್ಲರೂ ತೆಗೆದುಕೊಂಡರು. ಬೇಡ ಎಂದರೆ ನಾಳೆ ಭಟ್ಟಿಗೆ ಹೊಟ್ಟು ಬರಬೇಕಲ್ಲ. ಮರುದಿನ ಶೆಡ್ಡಿನ ತರಗತಿಯಲ್ಲಿ ನಾನಿದ್ದೆ. ಅಂದು ಅಕ್ಕೋರು ಸೀರೆಯ ವಿಷಯ ಎತ್ತಲೇ ಇಲ್ಲ, ಮಗ್ಗಿ ಹೇಳಿಸಿದರು, ಹೆಂಗಸರು ತಲೆ ತಗ್ಗಿಸಿ ಕೂತಿದ್ದರು ಎಂಬುದು ನನ್ನ ನೆನಪು. ಈ ನೆನಪಿನ ಮೇಲೆ ನಾನು ಬಹಳ ಭಾರ ಹಾಕಿದ್ದೆ.

ಆಮೇಲೆ ನಾವು ವೋಟು ಹಾಕುವುದನ್ನು ಅವರಿಗೆ ತೋರಿಸಿಕೊಟ್ಟೆವು. ಗೆಳೆಯ ಒಂದು ಆಲೂಗಡ್ಡೆ ಕೊಯ್ದು ಮುದ್ರೆ ಮಾಡಿದ್ದ. ಏಣಿಯ ಪಕ್ಕದಲ್ಲಿ ಒತ್ತಿ, ಶಾಯಿ ಆರಿದ ಮೇಲೆ ಮಡಚಿ ಡಬ್ಬಿಗೆ ಹಾಕಿ ಎಂದೆವು. ಎಣಿಸುವಾಗ ಅಕ್ಕೋರು ಅಲ್ಲೇ ಇರುತ್ತಾರೆ, ಮೋಸ ಆಗುವುದಿಲ್ಲ ಎಂದೂ ಹೇಳಿದ್ದೆವು. ಕಾಗದದ ಮೇಲೆ ಬೇರೇನೂ ಬರೆಯಬೇಡಿ ಎಂದು ಯಾರೂ ಹೇಳಲಿಲ್ಲ. ಪೆನ್ನೇ ಇಲ್ಲದ ಜಾಗದಲ್ಲಿ ಯಾರು ಏನು ಬರೆಯುತ್ತಾರೆ?

ಮತದಾನದ ದಿನ ಭಟ್ಟಿ ಆರಿದ ಮೇಲೆ ಓಣಿಯ ಹೆಂಗಸರು ಒಟ್ಟಿಗೆ ಬಂದರು. ಎಲ್ಲರ ಮೈಮೇಲೂ ಆ ಹೊಸ ಸೀರೆ. ಬುರ್ಖಾದ ಕೆಳಗೂ ಅದೇ ಅಂಚು. ಹೊಟ್ಟಿನ ವ್ಯಾಪಾರಿಯ ಕಡೆಯವರು ಸಿಳ್ಳೆ ಹಾಕಿದರು. ಗೆಳೆಯ, "ಮುಗೀತು, ನಡಿ ಚಾ ಕುಡಿಯಾಣ" ಎಂದ. ಒಳಗೆ ಮತಗಟ್ಟೆ ಸಿಬ್ಬಂದಿ ಅವರ ಮುಂದೆ ಶಾಯಿ ಪ್ಯಾಡು ತಳ್ಳಿದರಂತೆ. ಇವರು ತಮ್ಮ ತಮ್ಮ ಪೆನ್ನು ತೆಗೆದು, ಎಲ್ಲಿ ಸಹಿ ಮಾಡಬೇಕು ತೋರಿಸಿ ಎಂದರಂತೆ. ಅಕ್ಕೋರಿಗೆ ಇದನ್ನು ಯಾರೋ ಬಂದು ಹೇಳಿದಾಗ ಅವರ ಮುಖ ಅರಳಿತು. ಅವರನ್ನು ಅಷ್ಟು ಸಂತೋಷದಲ್ಲಿ ನಾನು ಕಂಡದ್ದು ಅದೊಂದೇ ಸಲ. ಇದು ನಾನೇ ಕಂಡದ್ದು ಎಂದುಕೊಂಡಿದ್ದೇನೆ.

ಎಣಿಕೆಯ ದಿನ ನಾನು ಬೇವಿನ ಮರದ ಕೆಳಗಿದ್ದೆನೋ, ಒಳಗಿದ್ದೆನೋ. ನಡೆದದ್ದು ಇದು. ಭಟ್ಟಿ ಓಣಿಯ ಮತಗಟ್ಟೆಯ ಡಬ್ಬಿ ಒಡೆದಾಗ ಏಣಿಗೆ ಮುದ್ರೆ ಬಿದ್ದ ಕಾಗದಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಬಹಳಷ್ಟರ ಮೇಲೆ ಮುದ್ರೆಯ ಕೆಳಗೆ ಹೆಸರು. ಚುನಾವಣಾಧಿಕಾರಿ ಮೊದಲನೆಯದನ್ನು ಕೈಯಲ್ಲಿ ಹಿಡಿದು ಆ ಹೆಸರನ್ನು ಓದಿದರಂತೆ. ಆಮೇಲೆ ಅಂದರು: "ವೋಟು ಹಾಕಿದೋರು ಯಾರು ಅಂತ ಗುರುತು ಹತ್ತೋ ಹಂಗೆ ಏನು ಬರೆದಿದ್ರೂ ಅದು ತಿರಸ್ಕೃತ. ನಾನು ಏನೂ ಮಾಡಂಗಿಲ್ಲ."

ಅಕ್ಕೋರ ಏಜೆಂಟನಾಗಿ ಕೂತಿದ್ದ ಗೆಳೆಯ ವಾದ ಮಾಡಿದ. ಎದುರಾಳಿಯ ಏಜೆಂಟನಿಗೆ ನಗು ತಡೆಯಲಾಗಲಿಲ್ಲ. ತಿರಸ್ಕೃತ ಮತಗಳ ಕಟ್ಟು ದಪ್ಪವಾಗುತ್ತ ಹೋಯಿತು. ಅಕ್ಕೋರು ಸೋತರು. ಸೋತ ಅಂತರಕ್ಕಿಂತ ಆ ಕಟ್ಟು ದೊಡ್ಡದಿತ್ತು.

ಮೇಜಿನಿಂದ ದೂರ ನಿಂತಿದ್ದ ಅಕ್ಕೋರು ಆ ಕಾಗದಗಳನ್ನು ಕಂಡಿರಲಿಲ್ಲ, ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅವರು ಕೂತು ಮಾತಾಡಿದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

"ಹೆಸರು ಸರಿಯಾಗಿ ಬರೆದಿದ್ರೇನು?" ಎಂದು ಕೇಳಿದರು.

"ಬರೆದಿದ್ರು ಅಕ್ಕೋರೆ. ಅದೇ ತೊಂದ್ರಿ ಆಗಿದ್ದು" ಎಂದ ಗೆಳೆಯ.

"ಎಲ್ಲಾರೂ?"

"ಒಂದೆರಡು ತಲೆಕೆಳಗಾಗಿದ್ವು."

ಯಜಮಾನರು ಪಕ್ಕದಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು. "ಕಲಿಸಿದ್ದು ನೀನು. ಹೆಸರಿಲ್ಲದೆ ಯಾವ ಕಾಗದನೂ ಕೊಡಬ್ಯಾಡ್ರಿ ಅಂತ ಹೇಳ್ದೆ, ಅವರು ಕೊಡಲಿಲ್ಲ" ಎಂದರು. ತಮಾಷೆಗೆ ಅಂದರೋ ಸಂಕಟಕ್ಕೆ ಅಂದರೋ ತಿಳಿಯಲಿಲ್ಲ. ಅಕ್ಕೋರು ನಮ್ಮಿಬ್ಬರನ್ನೂ ನೋಡಿ ಹೇಳಿದರು: "ಈ ಮಾತು ಭಟ್ಟಿ ಓಣಿಗೆ ಹೋಗಬಾರದು. ತಮ್ಮಿಂದ ಸೋತೆ ಅಂತ ಗೊತ್ತಾದ್ರೆ ಅವರು ಇನ್ನು ಪೆನ್ನು ಮುಟ್ಟಲ್ಲ."

ಆದರೆ ಅದು ಅಷ್ಟರಲ್ಲೇ ಹೋಗಿಯಾಗಿತ್ತು. ಮಂಡಕ್ಕಿ ಮಿರ್ಚಿ ಅಂಗಡಿಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಟ್ಯುಟೋರಿಯಲ್ಲಿನ ಹುಡುಗರ ನಡುವೆ ಒಂದೇ ಮಾತು. "ಎಲ್ಲರೂ ಓದು ಬರದೆ ಕೆಡ್ತಾರೆ, ಇವರು ಓದು ಕಲಿಸಿ ಕೆಟ್ರು." ಒಳ್ಳೆಯ ಮಾತು, ಊರಿಗೆ ಬೇಕಾದಂಥ ಮಾತು. ನನ್ನ ಬುದ್ಧಿಗೂ ಅದು ಹಿಡಿಸಿತ್ತು. ಉಪಕಾರಕ್ಕೆ ಅಪಕಾರವೇ ಫಲ ಎಂದು ನಾನು ಹೋಟೆಲಿನಲ್ಲಿ ವಾದಿಸುತ್ತಿದ್ದುದಕ್ಕೆ ಅದಕ್ಕಿಂತ ಉತ್ತಮ ಉದಾಹರಣೆ ಎಲ್ಲಿ ಸಿಗಬೇಕಿತ್ತು? ಮುಂದೆ ಕಾಲೇಜಿನ ಸ್ಟಾಫ್ ರೂಮುಗಳಲ್ಲಿ ಈ ಕತೆ ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ.

ಕೆಲವು ದಿನ ಶೆಡ್ಡಿಗೆ ಹೆಂಗಸರು ಬರಲಿಲ್ಲ. ಹುಡುಗಿಯರು ಮಾತ್ರ ಬಂದರು. ಅಕ್ಕೋರು ಅವರ ಕೈಲಿ ತಾಯಂದಿರಿಗೆ ಹೇಳಿಕಳಿಸಿದರು. ಇನ್ನೇನು ಬಂದಾರು ಎನ್ನುವಾಗ ಶೆಡ್ಡು ಹರಾಜಾಯಿತು. ಹೊಟ್ಟಿನ ವ್ಯಾಪಾರಿ ತಾನೇ ಬಂದು, "ಹಲಗಿ, ಚಾಪಿ ಎಲ್ಲ ನಿಮ್ಮ ಮನಿಗೆ ಗಾಡ್ಯಾಗೆ ಕಳಿಸ್ತೀನಿ ಅಕ್ಕೋರೆ, ನೀವು ಹೊರಬ್ಯಾಡ್ರಿ" ಎಂದ. ಕಳಿಸಿಯೂ ಕಳಿಸಿದ. ತರಗತಿ ಅಕ್ಕೋರ ಮನೆಯ ಮುಂದಿನ ಕೋಣೆಗೆ ಬಂತು. ಭಟ್ಟಿ ಓಣಿಯಿಂದ ಎಂ.ಸಿ.ಸಿ. ಬಡಾವಣೆಗೆ ಬರಬೇಕಾದರೆ ಅದೇ ಪಿ.ಬಿ. ರಸ್ತೆ ದಾಟಬೇಕು. ಮೊದಲು ನಾಲ್ಕೈದು ಹುಡುಗಿಯರು ಬಂದರು, ಆಮೇಲೆ ಇಬ್ಬರು. ಮನೆ ಮಾಲೀಕರು ಚಪ್ಪಲಿಗಳ ಬಗ್ಗೆ ಏನೋ ಅಂದರು. ರಂಜಾನ್ ಬಂತು, ಹೋಯಿತು. ಆಮೇಲೆ ಯಾರೂ ಬರಲಿಲ್ಲ. ನಿಂತದ್ದು ಯಾವ ದಿನ ಎಂದು ಹೇಳಲು ಬರುವಂತೆ ಅದು ನಿಲ್ಲಲಿಲ್ಲ. ನಾನು ಸುಮ್ಮನೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಅರ್ಜಿ ಬರೆಯಿರಿ ಎಂದು ಅಕ್ಕೋರು ಕೇಳಲಿಲ್ಲ. ಬರೆಯಲೇ ಎಂದು ನಾನೂ ಕೇಳಲಿಲ್ಲ. ಮರುವರ್ಷ ನನಗೆ ರಾಯಚೂರು ಕಡೆ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೊರಟೆ.

ಆ ದಶಕದ ಕೊನೆಯ ಭಾಗದಲ್ಲಿ, ಬೇಸಿಗೆ ರಜೆಗೆ ಹರಿಹರಕ್ಕೆ ಬಂದಿದ್ದಾಗ, ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ "ಮೇಷ್ಟ್ರೆ" ಎಂದು ಕೂಗಿದರು. ಜರಡಿ ಹಿಡಿಯುತ್ತಿದ್ದಾಕೆ. ಮಗಳನ್ನು ಹರಿಹರಕ್ಕೇ ಕೊಟ್ಟಿದ್ದಾಳೆ, ನೋಡಲು ಬಂದಿದ್ದಾಳೆ. ಬನ್ನಿ, ಚಹಾ ಕುಡಿಯದೆ ಹೋಗಬಾರದು ಎಂದು ಹತ್ತಿರದ ಓಣಿಗೆ ಕರೆದುಕೊಂಡು ಹೋದಳು. ಮಗಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ ಚಹಾ ತಂದಳು. ಹಿಂದೆ ಶೆಡ್ಡಿನಲ್ಲಿ ಮುಂದಿನ ಸಾಲಿಗೆ ಕೂರುತ್ತಿದ್ದ ಹುಡುಗಿ. ನನ್ನ ಗುರುತು ಅವಳಿಗೆ ಸಿಗಲಿಲ್ಲ.

ಮಾತಿಗೆ ಮಾತು ಬಂದು ನಾನು ಚುನಾವಣೆಯ ವಿಷಯ ಎತ್ತಿದೆ. ನಗುತ್ತಲೇ, "ಪಾಪ, ನಿಮಗೆ ಗೊತ್ತಿರಲಿಲ್ಲ" ಎಂದೆ.

ಆಕೆ ಬಟ್ಟಲು ಕೆಳಗಿಟ್ಟಳು.

"ಏನು ಗೊತ್ತಿರಲಿಲ್ಲ? ಮುದ್ರಿ ಅಷ್ಟೇ ಒತ್ತಬೇಕು ಅಂತಾನಾ? ಆಲೂಗಡ್ಡಿ ಕೊಯ್ದು ತೋರಿಸಿದ್ರಲ್ಲ ನಿಮ್ಮ ದೋಸ್ತು. ಅಷ್ಟು ತಿಳಿಯದಷ್ಟು ದಡ್ಡರೇನು ನಾವು?"

"ಮತ್ತೆ ಹೆಸರು ಯಾಕೆ ಬರೆದ್ರಿ?"

"ಅಕ್ಕೋರು ಕೇಳಿದ್ರಲ್ಲ."

"ಏನಂತ?"

"ಸೀರೆ ಹಂಚಿದ ಮರುದಿನ. ನಗ್ತಾನೇ ಕೇಳಿದ್ರು. 'ಅವರ ಸೀರೆ ಉಡ್ತೀರಿ, ನನಗೆ ವೋಟು ಹಾಕಿದ್ರಿ ಅಂತ ನನಗೆ ಹೆಂಗೆ ಗೊತ್ತಾಗಬೇಕು?' ಅಂದ್ರು. ನೀವೂ ಅಲ್ಲೇ ಕಿಟಕಿ ಹತ್ರ ಕೂತಿದ್ರಿ."

ನನಗೆ ನೆನಪಿರಲಿಲ್ಲ. ನನ್ನ ನೆನಪಿನಲ್ಲಿ ಅಂದು ಮಗ್ಗಿ ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

"ಅವತ್ತು ನಾವು ಯಾರೂ ಜವಾಬು ಕೊಡಲಿಲ್ಲ" ಎಂದಳು ಆಕೆ. "ಎಲ್ಲಾರಿಗೂ ನಾಚಿಕಿ. ಆಮ್ಯಾಲೆ ಭಟ್ಟಿಯಾಗೆ ಮಾತಾಡ್ಕೊಂಡ್ವಿ. ಎಣಿಸೋವಾಗ ಅಕ್ಕೋರು ಅಲ್ಲೇ ಇರ್ತಾರೆ ಅಂತ ನೀವೇ ಹೇಳಿದ್ರಿ. ಹೆಸರು ನೋಡಿದ್ರೆ ತಿಳೀತೈತೆ ಅಂದ್ಕೊಂಡ್ವಿ. ಅವನ ಸೀರೆ ಉಟ್ಕೊಂಡೇ ಹೋಗಾಣ, ಹೆಸರು ಮಾತ್ರ ಏಣಿ ಹತ್ರ ಬರಿಯಾಣ ಅಂತ. ಬೇರೆ ಹೆಂಗೆ ತೋರಿಸಬೇಕಿತ್ತು ಹೇಳ್ರಿ?"

"ಇದನ್ನ ಅಕ್ಕೋರಿಗೆ ಹೇಳಿದ್ರಾ?"

"ಯಾವ ಮುಖ ಇಟ್ಕೊಂಡು ಹೇಳೋದು? ಊರೆಲ್ಲ ನಗ್ತಿತ್ತು. ದಡ್ಡರು ಅಂತ ನಕ್ರೆ ನಗಲಿ ಬಿಡು ಅಂದ್ಕೊಂಡ್ವಿ. ಅಕ್ಕೋರ ತಮಾಷಿನೇ ನಾವು ಖರೇ ಅಂತ ಹಿಡಿದ್ವಿ ಅಂತ ಗೊತ್ತಾದ್ರೆ ಅವರಿಗೆ ಇನ್ನೂ ಸಂಕಟ ಅಲ್ಲೇನು?"

ಅಕ್ಕೋರು ಅವರಿಂದ ಒಂದನ್ನು ಮುಚ್ಚಿಟ್ಟಿದ್ದರು, ಅವರು ಅಕ್ಕೋರಿಂದ ಒಂದನ್ನು. ನಡುವೆ ಶೆಡ್ಡು ಹೋಗಿತ್ತು.

ನಾನು ದಾವಣಗೆರೆಗೆ ಹೋದೆ. ಅಕ್ಕೋರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ನನಗೆ ಯಾರೂ ತಿಳಿಸಿರಲಿಲ್ಲ, ತಿಳಿಸುವಷ್ಟು ಹತ್ತಿರದವನಾಗಿ ನಾನು ಉಳಿದೂ ಇರಲಿಲ್ಲ. ಗಿರಣಿ ಮುಚ್ಚಿತ್ತು, ಯಜಮಾನರು ನಿಟ್ಟುವಳ್ಳಿಯಲ್ಲಿ ತಮ್ಮನ ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದಿದ್ದರು, ಅಂಗಡಿಯೊಂದಕ್ಕೆ ಲೆಕ್ಕ ಬರೆಯುತ್ತಿದ್ದರು. ಅಕ್ಕೋರು ಸೀರೆಯ ಬಗ್ಗೆ ಹಾಗೆ ಅಂದದ್ದು ನಿಜವೇ ಎಂದು ಕೇಳಿದೆ. "ಅಂದಿದ್ರೂ ಅಂದಿರಬೇಕು. ಅವಳ ನಾಲಿಗಿ ನಿನಗೆ ಗೊತ್ತಲ್ಲ. ನನಗೇನೂ ಹೇಳಲಿಲ್ಲ" ಎಂದರು. ಲೆಕ್ಕದ ಪುಸ್ತಕ ಮುಚ್ಚಿಟ್ಟು, "ನೀ ಅಲ್ಲೇ ಇದ್ದೆ ಅಂತೀಯಲ್ಲ, ನಿನಗೇ ಗೊತ್ತಿರಬೇಕಪ್ಪ" ಎಂದರು. ಗೆಳೆಯನನ್ನು ಕೇಳಿದೆ, ಅವನು ಆ ದಿನ ತರಗತಿಗೆ ಬಂದಿರಲಿಲ್ಲ. ಆ ಹೆಂಗಸು ತಾನು ಆಮೇಲೆ ಕಟ್ಟಿಕೊಂಡ ಕಾರಣವನ್ನು ಹೇಳುತ್ತಿರಬಹುದು. ಜನ ಹಾಗೆ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆಕೆಯದು ನಿಜವಾದರೆ ನನ್ನ ಮಗ್ಗಿಯ ನೆನಪು ಸುಳ್ಳು. ನನ್ನದು ನಿಜವಾದರೆ ಆಕೆಯದು ಸುಳ್ಳು. ಎರಡನ್ನೂ ಹಿಡಿದುಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ದಣಿವಾಗಿದೆ. ಒಂದನ್ನು ಬಿಡು ಎಂದರೆ ಈಗೀಗ ನನ್ನದನ್ನೇ ಬಿಡುತ್ತೇನೆ ಅನಿಸುತ್ತದೆ, ಆದರೆ ಅದಕ್ಕೂ ಆಧಾರವಿಲ್ಲ.

ಅಂದು ಹರಿಹರದ ಆ ಮನೆಯಿಂದ ಏಳುವಾಗ ಆಕೆ ಇನ್ನೊಂದು ಮಾತು ಹೇಳಿದ್ದಳು. "ಈಗ ನಮ್ಮ ಓಣ್ಯಾಗೆ ಐದನೇತ್ತಿ ಆಗೈತಂತೆ ಮೇಷ್ಟ್ರೆ. ನನ್ನ ಕಿರಿ ಮಗಳಿಗೂ ಅದು ಸಿಗಲಿಲ್ಲ." ಆಗೈತಂತೆ ಎಂದಳೇ ಹೊರತು ಆಗೈತೆ ಎನ್ನಲಿಲ್ಲ, ಓದುವ ವಯಸ್ಸಿನವರು ಆಕೆಯ ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಹೋಗಿ ನೋಡಿರಲಿಲ್ಲ. ರಜೆ ಮುಗಿಯುವ ಮೊದಲು ಶಾಲೆಗಳು ತೆರೆದವು. ನಾನು ಭಟ್ಟಿ ಓಣಿಗೆ ಹೋಗಿ ಅಲ್ಲಿನ ಹೆಡ್ ಮಿಸ್ಸನ್ನು ಕೇಳಿದೆ. ಹೌದು, ಐದನೇ ತರಗತಿ ಇದೆ. ಹಿಂದಿನ ವರ್ಷ ಮಂಜೂರಾಗಿದೆ, ಶಾಲೆಯ ಪಕ್ಕಕ್ಕೆ ಒಂದು ಕೋಣೆ ಕಟ್ಟಿಸಿದ್ದಾರೆ. ಒಳಗೆ ಹುಡುಗಿಯರು ಕೂತಿದ್ದರು. ನಾಕಾ ಶೆಡ್ಡಿನಲ್ಲಿ ತರಗತಿ ನಡೆಯುತ್ತಿತ್ತು ಎಂಬುದು ಆ ಹೆಡ್ ಮಿಸ್ಸಿಗೆ ಗೊತ್ತಿರಲಿಲ್ಲ. ಆದರೆ ಕೋಣೆಯಿತ್ತು, ಟೀಚರ್ ಇದ್ದರು, ಹಲಗೆಯ ಮೇಲೆ ಐದನೇ ತರಗತಿ ಎಂದು ಬರೆದಿತ್ತು. ಇದನ್ನು ನಾನು ಹೋಗಿ ನೋಡಿದ್ದೇನೆ.